ತಾಳೆ ಬಿದ್ದರೆ ಕಂಪ್ಯೂಟರು, ಬೀಳದಿದ್ದರೆ ಬರೀ ಡಬ್ಬ

ಕಾಶಿಗೆ ಬರುವ ನಮ್ಮ ಕನ್ನಡದವರು ಗಂಗಾಸ್ನಾನ, ವಿಶ್ವನಾಥನ ದರ್ಶನ ಮುಗಿಸಿಕೊಂಡು ಒಂದು ಹೊತ್ತು ಸಾರನಾಥಕ್ಕೂ ಬರುತ್ತಾರೆ. ಧಮೇಖ್ ಸ್ತೂಪಕ್ಕೆ ಒಂದು ಸುತ್ತು, ಮ್ಯೂಸಿಯಮ್ಮಿನಲ್ಲಿ ನಾಲ್ಕು ಸಿಂಹಗಳ ಮುಂದೆ ಎರಡು ನಿಮಿಷ, ಆಮೇಲೆ ಸೀರೆ ಅಂಗಡಿ! ಇಲ್ಲೇ ಮನೆ ಮಾಡಿಕೊಂಡು ಉಳಿದುಬಿಟ್ಟ ನಮ್ಮಂಥವರಿಗೆ ಮಾತ್ರ ಸಾರನಾಥ ಅಂದರೆ ತರಕಾರಿ, ಕರೆಂಟು, ಆಶಾಪುರ ಚೌಕದ ಟ್ರಾಫಿಕ್ಕು, ಅಕ್ಕಪಕ್ಕದವರ ಮಕ್ಕಳ ಓದು. ಈಚೆಗೆ ಇದಕ್ಕೆ ಇನ್ನೊಂದು ಸೇರಿದೆ: ಹುಡುಗರ ಗೇಮಿಂಗ್ ಕಂಪ್ಯೂಟರು.

ಹನ್ನೆರಡನೇ ಕ್ಲಾಸು ಮುಗಿಸಿದ ಹುಡುಗನಿಗೆ ಅಪ್ಪ ಐವತ್ತು ಸಾವಿರ ರೂಪಾಯಿ ಕೊಡಲು ಒಪ್ಪಿರುತ್ತಾನೆ. ಅದು ಆರ್.ಡಿ. ಮುರಿದ ದುಡ್ಡು, ಇಲ್ಲವೇ ಮನೆಗೆ ಸುಣ್ಣಬಣ್ಣ ಮಾಡಿಸಲು ಎತ್ತಿಟ್ಟದ್ದು. ಹುಡುಗ ಬಿಡಿಭಾಗಗಳ ಪಟ್ಟಿ ಹಿಡಿದುಕೊಂಡು ಬರುತ್ತಾನೆ, "ಅಂಕಲ್‌ಜೀ, ಒಮ್ಮೆ ನೋಡಿ" ಅಂತ. ಬ್ಯಾಂಕಿನವನಿಗೆ ಲೆಕ್ಕ ಗೊತ್ತು, ಲೆಕ್ಕ ಗೊತ್ತಿದ್ದವನಿಗೆ ಕಂಪ್ಯೂಟರೂ ಗೊತ್ತು ಅನ್ನುವುದು ಇಲ್ಲಿಯ ನಂಬಿಕೆ. ನಾನು ಬರೀ ಬಿ.ಕಾಂ. ಆದರೂ ಆ ಪಟ್ಟಿಗಳನ್ನು ನೋಡಿ ನೋಡಿ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ತೈವಾನಿನ ಮದರ್‌ಬೋರ್ಡು, ಅಮೆರಿಕದ ಕಂಪನಿಯ ಪ್ರೊಸೆಸರು, ಕೊರಿಯಾದ ರ‍್ಯಾಮು, ಚೀನಾದ ಡಬ್ಬ, ಇವೆಲ್ಲ ಒಂದಕ್ಕೊಂದು ಹೊಂದಬೇಕು ಅಂತ ಠರಾವು ಮಾಡಿದವರು ಯಾರು? ಒಂದೇ ಕಂಪನಿಯ ಎರಡು ಮಿಕ್ಸಿಗಳ ಜಾರುಗಳೇ ಒಂದಕ್ಕೊಂದು ಕೂರುವುದಿಲ್ಲವಲ್ಲ!

ಉತ್ತರ ಹುಡುಕುತ್ತಾ ಹೋದರೆ ಅದೇ ಒಂದು ದೊಡ್ಡ ಚರಿತ್ರೆ.

ಅದಕ್ಕೆ ಮೊದಲು ಸಾರನಾಥದ ಒಂದು ವಿಷಯ. 1904-05ರಲ್ಲಿ ಓರ್ಟೆಲ್ ಎಂಬ ಎಂಜಿನಿಯರ್ ಇಲ್ಲಿ ಅಗೆಸಿದಾಗ, ಇಂದು ನಮ್ಮ ರಾಷ್ಟ್ರಲಾಂಛನವಾಗಿರುವ ಸಿಂಹಗಳು ಸಿಕ್ಕಿದವು. ಅದೇ ಅಗೆತದಲ್ಲಿ ಮುಖ್ಯ ಗುಡಿಯ ದಕ್ಷಿಣದ ಕೋಣೆಯಲ್ಲಿ ಒಂದು ಕಲ್ಲಿನ ಕಟಕಟೆಯೂ ಸಿಕ್ಕಿತು. ಅದನ್ನು ಒಂದೇ ಬಂಡೆಯಲ್ಲಿ ಕಡೆದಿದ್ದಾರೆ, ಎಲ್ಲೂ ಕೀಲಿಲ್ಲ. ಇದು ಅಪರೂಪ. ಸಾಂಚಿ, ಭಾರ್ಹುತಗಳಲ್ಲಿ ಇರುವುದು ಬೇರೆ ರೀತಿ: ಕಂಬಗಳ ಪಕ್ಕದಲ್ಲಿ ಕಣ್ಣಿನ ಆಕಾರದ ತೂತುಗಳು, ಅದಕ್ಕೆ ಸಿಕ್ಕಿಸುವ ಅಡ್ಡಕಲ್ಲುಗಳು. ಈ ಅಡ್ಡಕಲ್ಲಿಗೆ 'ಸೂಚಿ', ಅಂದರೆ ಸೂಜಿ ಅಂತಲೇ ಹೆಸರು. ಎಲ್ಲ ತೂತುಗಳ ಅಳತೆ ಒಂದೇ ಆಗಿದ್ದರೆ ಒಬ್ಬ ದಾನಿ ಒಂದು ಕಂಬ ಕೊಡಬಹುದು, ಇನ್ನೊಬ್ಬ ಒಂದು ಸೂಚಿ ಕೊಡಬಹುದು. ಸಾಂಚಿಯಲ್ಲಿ ಹಾಗೆಯೇ ಬಿಡಿಬಿಡಿಯಾಗಿ ದಾನ ಕೊಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಒಂದೇ ಬಂಡೆಯ ಕಟಕಟೆ ಮಾಡಿಸಲು ದೊಡ್ಡ ದೊರೆಯೇ ಬೇಕು. ಬಿಡಿ ಕಲ್ಲಿನ ಕಟಕಟೆಗೆ ಊರವರು ಸಾಕು, ಅಳತೆಯೊಂದು ಒಪ್ಪಿಕೊಂಡಿದ್ದರೆ.

ಕಂಪ್ಯೂಟರಿನ ಕಥೆಯೂ ಹೆಚ್ಚುಕಡಿಮೆ ಇಷ್ಟೇ.

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅಲ್ಲಿಯವರೆಗೆ ಎಲ್ಲವನ್ನೂ ತಾನೇ ಮಾಡುತ್ತಿದ್ದ ಕಂಪನಿಗೆ ಈ ಸಲ ಅವಸರ ಇತ್ತು. ಹಾಗಾಗಿ ಪ್ರೊಸೆಸರ್ ಇಂಟೆಲ್‌ನಿಂದ (8088, ವೇಗ 4.77 ಮೆಗಾಹರ್ಟ್ಸ್), ಡಾಸ್ ಮೈಕ್ರೋಸಾಫ್ಟಿನಿಂದ, ಮಿಕ್ಕದ್ದೂ ಬಹುಮಟ್ಟಿಗೆ ಪೇಟೆಯಲ್ಲಿ ಸಿಗುವ ಸಾಮಾನಿನಿಂದ. ಒಳಗೆ 5 ಸ್ಲಾಟುಗಳು. ಬೇರೆಯವರೂ ಕಾರ್ಡು ಮಾಡಿ ಮಾರಲಿ ಅಂತ ಸರ್ಕ್ಯೂಟಿನ ನಕ್ಷೆ ಸಮೇತ ಒಂದು ಕೈಪಿಡಿಯನ್ನೂ ಅಚ್ಚು ಹಾಕಿಸಿ ಮಾರಿತು. ಉಳಿದ ಬೀಗ ಒಂದೇ, ಬಯಾಸ್. ಯಂತ್ರ ಎದ್ದಾಗ ಮೊದಲು ಓಡುವ ಈ ಸಣ್ಣ ಪ್ರೋಗ್ರಾಮು ಕೈಪಿಡಿಯಲ್ಲೇ ಅಚ್ಚಾಗಿತ್ತು, ಆದರೆ ಅದರ ಕಾಪಿರೈಟು ಐಬಿಎಂದು. ನಕಲು ಮಾಡಿದರೆ ಕೋರ್ಟು.

ಕಾಂಪ್ಯಾಕ್ ಎಂಬ ಹೊಸ ಕಂಪನಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಒಂದು ಗುಂಪು ಐಬಿಎಂ ಬಯಾಸ್ ಓದಿ ಅದು ಏನೇನು ಕೆಲಸ ಮಾಡುತ್ತದೆ ಅಂತ ಮಾತ್ರ ಬರೆದುಕೊಟ್ಟಿತು. ಅದನ್ನು ಕಣ್ಣಿಂದಲೂ ನೋಡದ ಇನ್ನೊಂದು ಗುಂಪು ಅದೇ ಕೆಲಸ ಮಾಡುವ ಹೊಸ ಪ್ರೋಗ್ರಾಮು ಬರೆಯಿತು. 1982ರ ನವೆಂಬರಿನಲ್ಲಿ ಕಾಂಪ್ಯಾಕ್ ಯಂತ್ರದ ಘೋಷಣೆ ಆಯಿತು. 1984ರಲ್ಲಿ ಫೀನಿಕ್ಸ್ ಕಂಪನಿ ಇಂಥದ್ದೇ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಬೀಗ ಬಿಚ್ಚಿತು.

ಈಗ ಒಂದು ತಮಾಷೆ. ಒಂದು ಯಂತ್ರ ನಿಜಕ್ಕೂ ಐಬಿಎಂ ಜೊತೆ ತಾಳೆಯಾಗುತ್ತದೆಯೇ ಅಂತ ಆಗ ಹೇಗೆ ಪರೀಕ್ಷಿಸುತ್ತಿದ್ದರು ಗೊತ್ತೇ? ಎರಡು ಪ್ರೋಗ್ರಾಮು ಹಾಕಿ ನೋಡುತ್ತಿದ್ದರು. ಒಂದು ಲೋಟಸ್ 1-2-3, ನಮ್ಮಂಥ ಲೆಕ್ಕದವರದ್ದು. ಇನ್ನೊಂದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ವಿಮಾನ ಹಾರಿಸುವ ಆಟ! ಇವೆರಡೂ ವೇಗಕ್ಕಾಗಿ ಡಾಸನ್ನು ದಾಟಿ ನೇರ ಯಂತ್ರದ ಅಂಗಾಂಗಗಳಿಗೇ ಕೈ ಹಾಕುತ್ತಿದ್ದವು. ನಕಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಕುಸಿದು ಬೀಳುತ್ತಿದ್ದವು. ಗೇಮ್ ಅಂದರೆ ಪೋಲಿ ಹುಡುಗರ ಕೆಲಸ ಅನ್ನುವ ಅಪ್ಪಂದಿರಿಗೆ ಇದನ್ನು ಹೇಳಬೇಕು. ಕಂಪ್ಯೂಟರ್ ಸರಿಯಿದೆ ಅಂತ ಪಾಸು ಮಾಡುವ ಪರೀಕ್ಷಕನಾಗಿ ಆಟ ಮೊದಲಿನಿಂದಲೂ ಲೆಕ್ಕದ ಪಕ್ಕದಲ್ಲೇ ಕೂತಿದೆ.

1987ರಲ್ಲಿ ಐಬಿಎಂ ಮತ್ತೆ ಬೀಗ ಹಾಕಲು ನೋಡಿತು. ಪಿಎಸ್/2 ಎಂಬ ಹೊಸ ಸಾಲಿನ ಯಂತ್ರಗಳಲ್ಲಿ ಸ್ಲಾಟನ್ನೇ ಬದಲಿಸಿತು. ಹಳೆಯ ಕಾರ್ಡು ಕೂರುವುದಿಲ್ಲ, ಬೇರೆಯವರು ಅಂಥ ಯಂತ್ರ ಮಾಡಬೇಕಾದರೆ ಐಬಿಎಂಗೆ ರಾಯಲ್ಟಿ ಕೊಡಬೇಕು. 1988ರಲ್ಲಿ ಕಾಂಪ್ಯಾಕ್ ಮುಂದಾಳತ್ವದಲ್ಲಿ 9 ಕಂಪನಿಗಳು ಸೇರಿ ಹಳೆಯ ಕಾರ್ಡೂ ಕೂರುವಂಥ ಬೇರೆ ಸ್ಲಾಟ್ ಮಾಡಿಕೊಂಡವು. ಗೆದ್ದದ್ದು ಯಾವುದು ಅಂತೀರಿ? ಎರಡೂ ಅಲ್ಲ, ಎಲ್ಲರ ಹತ್ತಿರ ಇದ್ದ ಹಳೆಯ ಸ್ಲಾಟೇ ಇನ್ನೂ ಹಲವು ವರ್ಷ ಓಡಿತು. ಐಬಿಎಂ ತಾನು ಹುಟ್ಟಿಸಿದ ಅಳತೆಯನ್ನು ತಾನೇ ಬದಲಿಸಲಾಗಲಿಲ್ಲ.

ನಮ್ಮ ದೇಶದಲ್ಲಿ ಆಗ ಏನಾಗುತ್ತಿತ್ತು? ಬ್ಯಾಂಕುಗಳಲ್ಲಿ ಕಂಪ್ಯೂಟರ್ ಅಂದರೆ ಕೆಲಸ ಕಳೆಯುವ ಭೂತ ಅಂತ ಭಯ. 1983ರಲ್ಲಿ ನೌಕರರ ಸಂಘಗಳಿಗೂ ಬ್ಯಾಂಕುಗಳ ಸಂಘಕ್ಕೂ ಒಪ್ಪಂದವಾಗಿ, 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದಮೇಲೆ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಕಾಲಿಟ್ಟವು. ಅದೇ 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದಿನ ಕಟ್ಟುಪಾಡು, ಸುಂಕ ಎರಡನ್ನೂ ಸಡಿಲಿಸಿತು.

ಆಮೇಲೆ ಹುಟ್ಟಿದ್ದು 'ಅಸೆಂಬಲ್ಡ್' ಎಂಬ ಪದ. ಬೆಂಗಳೂರಿನ ಎಸ್.ಪಿ. ರೋಡು, ದೆಹಲಿಯ ನೆಹರೂ ಪ್ಲೇಸು. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯ ಇಕ್ಕಟ್ಟು ಅಂಗಡಿಗಳಲ್ಲಿ ಒಬ್ಬ ಬೋರ್ಡು ಮಾರುತ್ತಿದ್ದ, ಪಕ್ಕದವನು ರ‍್ಯಾಮು, ಎದುರಿನವನು ಡಬ್ಬ. ಒಬ್ಬ ಹುಡುಗ ಸ್ಕ್ರೂಡ್ರೈವರ್ ಹಿಡಿದು ಸಂಜೆಯೊಳಗೆ ಎಲ್ಲ ಜೋಡಿಸಿಕೊಡುತ್ತಿದ್ದ. ದೊಡ್ಡ ಕಂಪನಿಯ ಹೆಸರಿರುವ ಯಂತ್ರಕ್ಕಿಂತ ಎಷ್ಟೋ ಅಗ್ಗ. ಕಂಪ್ಯೂಟರ್ ಸೆಂಟರು, ಡಿಟಿಪಿ ಅಂಗಡಿ, ಸೈಬರ್ ಕೆಫೆ, ಇವೆಲ್ಲ ಎದ್ದದ್ದು ಬಹುಪಾಲು ಈ ಅಸೆಂಬಲ್ಡ್ ಯಂತ್ರಗಳ ಮೇಲೆಯೇ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. 2005ರ ಹೊತ್ತಿಗೆ ಪಟ್ಟಿಯಲ್ಲಿದ್ದ ಸಾಮಾನಿನ ಮೇಲಿನ ಆಮದು ಸುಂಕ ಸೊನ್ನೆಗೆ ಇಳಿಯಿತು. ಸುಂಕ ಇಳಿದದ್ದೊಂದೇ ಅಗ್ಗಕ್ಕೆ ಕಾರಣವಲ್ಲ. ಒಬ್ಬನ ಬೋರ್ಡಿಗೆ ಇನ್ನೊಬ್ಬನ ರ‍್ಯಾಮ್ ಕೂರುತ್ತದೆ ಅನ್ನುವ ಭರವಸೆ ಇಲ್ಲದಿದ್ದರೆ ಆ ಬೀದಿಯೇ ಇರುತ್ತಿರಲಿಲ್ಲ.

ಹಾಗಂತ ಎಲ್ಲ ಸುಲಭವಾಗಿತ್ತು ಅಂದುಕೊಳ್ಳಬೇಡಿ. ವಾಣಿಜ್ಯ ಓದಿದವರಿಗೆ ತಾಳೆಪಟ್ಟಿ ಗೊತ್ತು. ಖರ್ಚು ಜಮೆ ಎರಡೂ ಕಡೆ ಮೊತ್ತ ಕೂಡಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ತಾಳೆಪಟ್ಟಿಗೆ ಸಿಗದ ತಪ್ಪುಗಳೂ ಇವೆ ಅಂತ ಮೊದಲನೇ ವರ್ಷದಲ್ಲೇ ಹೇಳಿಕೊಡುತ್ತಾರೆ. ಕಂಪ್ಯೂಟರಿನಲ್ಲೂ ಹಾಗೆಯೇ, ಮೂರು ಸಲ ತಾಳೆ ನೋಡಬೇಕು. ತೂತಿಗೆ ಕೂರುತ್ತದೆಯೇ? ಕರೆಂಟು ಸಾಲುತ್ತದೆಯೇ? ಒಳಗಿನ ಪ್ರೋಗ್ರಾಮು ಗುರುತು ಹಿಡಿಯುತ್ತದೆಯೇ?

ಕರೆಂಟಿನ ವಿಷಯವನ್ನೇ ಮೊದಲು ನೋಡಿ. ಹಳೆಯ ಯಂತ್ರಗಳಲ್ಲಿ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಒಂದೇ ತರಹ ಕಾಣುವ ಎರಡು ಪ್ಲಗ್ಗುಗಳು ಹೋಗುತ್ತಿದ್ದವು. ಕಪ್ಪು ವೈರುಗಳು ಮಧ್ಯದಲ್ಲಿ ಒಟ್ಟಿಗೆ ಬರಬೇಕು. ಅದಲುಬದಲಾದರೆ ಬೋರ್ಡು ಸುಟ್ಟಿತು ಅಂತಲೇ ಲೆಕ್ಕ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಾಗ ಎರಡೂ ಸೇರಿ ಒಂದೇ ಪ್ಲಗ್ಗಾಯಿತು, ತಿರುಗಾಮುರುಗಾ ಹಾಕಲು ಬಾರದಂತೆ. ಸ್ಕ್ರೂ ತೂತು ಎಲ್ಲಿರಬೇಕು ಅನ್ನುವುದನ್ನೂ ಅದೇ ಗೊತ್ತುಮಾಡಿತು. ಆ ಅಳತೆ ಇವತ್ತಿಗೂ ನಡೆಯುತ್ತಿದೆ.

ಇನ್ನು ಗುರುತಿನ ತಾಳೆ. ಆಗಿನ ಸೌಂಡ್ ಕಾರ್ಡಿನ ಮೇಲೆ ಜಂಪರ್ ಅನ್ನುವ ಪುಟ್ಟ ಟೊಪ್ಪಿಗೆಗಳು ಇರುತ್ತಿದ್ದವು. ಪ್ರಿಂಟರಿಗೂ ಸೌಂಡ್ ಕಾರ್ಡಿಗೂ ಒಂದೇ ನಂಬರ್ ಬಿದ್ದರೆ ಎರಡೂ ಕಿತ್ತಾಡುತ್ತಿದ್ದವು. ವಿಂಡೋಸ್ 95 ಬಂದಮೇಲೆ ಯಂತ್ರವೇ ನಂಬರ್ ಹಂಚುವ ಪದ್ಧತಿ ಬಂತು (ಮೊದಮೊದಲು ಅದೂ ಕೈಕೊಡುತ್ತಿತ್ತು ಬಿಡಿ). ಕನ್ನಡದವರಿಗೆ ಈ ಸಂಕಟ ಹೊಸದಲ್ಲ. ಒಂದು ಫಾಂಟಿನಲ್ಲಿ ಬರೆದ ಕಾಗದ ಇನ್ನೊಂದು ಕಂಪ್ಯೂಟರಿನಲ್ಲಿ ಬರೀ ಚೌಕ, ಕೊಕ್ಕೆ, ಪ್ರಶ್ನಾರ್ಥಕ ಚಿಹ್ನೆಗಳಾಗಿ ತೆರೆದುಕೊಳ್ಳುತ್ತಿದ್ದ ಕಾಲ ನೆನಪಿದೆಯಲ್ಲ? ಬೇರೆ ಬೇರೆ ಸಾಫ್ಟ್‌ವೇರುಗಳಲ್ಲಿ ಕನ್ನಡದ ಅಕ್ಷರಗಳಿಗೆ ಬೇರೆ ಬೇರೆ ಸಂಖ್ಯೆ. ಯೂನಿಕೋಡ್ ಬಳಕೆಗೆ ಬಂದಮೇಲೆ ಊರಿನ ಸುದ್ದಿ ದೂರದಲ್ಲಿರುವ ನಮಗೂ ಓದಲು ಸಿಕ್ಕಿತು. ತಾಳೆ ಅಂದರೆ ಏನು ಅಂತ ನಮಗೆ ಹೊಟ್ಟೆಯೊಳಗಿಂದ ಗೊತ್ತು.

ತೂತಿನ ತಾಳೆಯ ಕಥೆ ಎಲ್ಲಕ್ಕಿಂತ ಸ್ವಾರಸ್ಯ. 1990ರ ದಶಕದ ನಡುವೆ ಸಾಕೆಟ್ 7 ಅಂತ ಒಂದಿತ್ತು. ಅದರ ಮೇಲೆ ಇಂಟೆಲ್‌ನ ಪೆಂಟಿಯಮ್ಮೂ ಕೂರುತ್ತಿತ್ತು, ಎಎಂಡಿ, ಸೈರಿಕ್ಸ್ ಕಂಪನಿಗಳ ಪ್ರೊಸೆಸರೂ ಕೂರುತ್ತಿತ್ತು. ಗಿರಾಕಿಗೆ ಇದಕ್ಕಿಂತ ಸುಗ್ಗಿ ಉಂಟೇ? 1997ರಲ್ಲಿ ಇಂಟೆಲ್ ಪೆಂಟಿಯಂ 2ಕ್ಕೆ ತನ್ನದೇ ಸ್ಲಾಟ್ ಮಾಡಿಕೊಂಡಿತು. 1999ರಲ್ಲಿ ಎಎಂಡಿ ಅಂಥದ್ದೇ ಕನೆಕ್ಟರನ್ನು ತಿರುಗಿಸಿ ಕೂರಿಸಿ ಬೇರೆ ಸ್ಲಾಟ್ ಮಾಡಿತು. ನೋಡಲು ಒಂದೇ, ಒಳಗಿನ ವಿದ್ಯುತ್ ವ್ಯವಹಾರ ಬೇರೆ. ಅಣ್ಣತಮ್ಮಂದಿರು ಪಾಲಾದ ಹಾಗೆ ಅಂದಿನಿಂದ ಎರಡು ಮನೆಯ ಬೋರ್ಡುಗಳು ಬೇರೆಬೇರೆ. ಇಂಟೆಲ್‌ನ ಎಲ್‌ಜಿಎ 1151 ಇನ್ನೂ ವಿಚಿತ್ರ. 2015ರಲ್ಲಿ ಬಂದ ಈ ಸಾಕೆಟ್ಟಿನ ಹೆಸರಿನಲ್ಲೇ 2017ರ ಅಕ್ಟೋಬರಿನಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ಬಂತು. ಹೆಸರು ಒಂದೇ, ಕಾಲುಗಳ ಎಣಿಕೆ ಒಂದೇ. ಆದರೆ ಕಂಪನಿಯ ಲೆಕ್ಕದಲ್ಲಿ ಹಳೆಯ ಬೋರ್ಡಿನಲ್ಲಿ ನಡೆಯುವುದಿಲ್ಲ! ತಾಳೆಪಟ್ಟಿಗೆ ಸಿಗದ ತಪ್ಪು ಅಂದರೆ ಇದೇ.

ರ‍್ಯಾಮಿನವರು ಹೆಚ್ಚು ಮರ್ಯಾದಸ್ಥರು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಕಾಲು. ಆದರೆ ನಡುವಿನ ಕಚ್ಚು ಸ್ವಲ್ಪ ಆಚೀಚೆ ಇದೆ, ತಪ್ಪಾಗಿ ಒತ್ತಿದರೂ ಇಳಿಯುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ದಾರಿಯೂ ಒಂದು ನೆಲೆಗೆ ಬಂದಿದೆ. 1996ರ ವೂಡೂ ಕಾರ್ಡಿಗೆ ಪಕ್ಕದಲ್ಲಿ ಇನ್ನೊಂದು ಮಾಮೂಲಿ ಕಾರ್ಡೂ ಬೇಕಾಗುತ್ತಿತ್ತು. ಆಮೇಲೆ ಎಜಿಪಿ ಬಂತು, 2004ರಿಂದ ಪಿಸಿಐ ಎಕ್ಸ್‌ಪ್ರೆಸ್. ಇಪ್ಪತ್ತು ವರ್ಷ ದಾಟಿದರೂ ಹೊಸ ಕಾರ್ಡು ಹಳೆಯ ಸ್ಲಾಟಿಗೆ, ಹಳೆಯ ಕಾರ್ಡು ಹೊಸದಕ್ಕೆ ಸಾಮಾನ್ಯವಾಗಿ ಕೂರುತ್ತದೆ. ಕೂರುತ್ತದೆ ಅಷ್ಟೆ, ಓಟ ಬೇರೆ ಮಾತು. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಕಾರ್ಡಿಗೆ ಇರುವುದು 4 ಲೇನು ಮಾತ್ರ. ಹಳೆಯ ತಲೆಮಾರಿನ ಬೋರ್ಡಿನಲ್ಲಿ ಹಾಕಿದರೆ ಉಸಿರು ಕಟ್ಟುತ್ತದೆ.

ಸರಿ, ಈ ಪುರಾಣ ಕೇಳಿ ನಮ್ಮ ಹುಡುಗನಿಗೆ ಏನು ಲಾಭ? ಪಟ್ಟಿ ಬರೆಯುವ ಕ್ರಮ ಸಿಗುತ್ತದೆ.

ಮೊದಲು ಯಾವ ಆಟ, ಯಾವ ಪರದೆ ಅಂತ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಪ್ರೊಸೆಸರ್ ಮತ್ತು ಬೋರ್ಡು, ಇವೆರಡನ್ನು ಗಂಡುಹೆಣ್ಣಿನ ಜಾತಕದ ಹಾಗೆ ಜೊತೆಯಲ್ಲೇ ನೋಡಬೇಕು. ಎಎಂಡಿಯ ಎಎಂ4 ಬೋರ್ಡಿಗೆ ಡಿಡಿಆರ್4, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಇಂಟೆಲ್‌ನ 12, 13, 14ನೇ ತಲೆಮಾರಿನವು ಎಲ್‌ಜಿಎ 1700ರಲ್ಲಿ ಕೂರುತ್ತವೆ. ಅದರಲ್ಲಿ ಡಿಡಿಆರ್4 ಬೋರ್ಡು ಬೇರೆ, ಡಿಡಿಆರ್5 ಬೋರ್ಡು ಬೇರೆ. ಹಳೆಯ ದಾಸ್ತಾನಿನ ಬೋರ್ಡಾದರೆ ಹೊಸ ಪ್ರೊಸೆಸರನ್ನು ಗುರುತಿಸುವ ಬಯಾಸ್ ಅದರಲ್ಲಿದೆಯೇ ಅಂತ ಕೇಳಬೇಕು. ಬೋರ್ಡು ಮಾಡಿದ ಕಂಪನಿಯ ಜಾಲತಾಣದಲ್ಲಿ ಯಾವ ಪ್ರೊಸೆಸರಿಗೆ ಯಾವ ಬಯಾಸ್ ಅಂತ ಪಟ್ಟಿಯೇ ಇರುತ್ತದೆ. ನಲವತ್ತು ವರ್ಷದ ಹಿಂದಿನ ಆ ಬೀಗ ಇಂದಿಗೂ ಅಲ್ಲೇ ಇದೆ, ನೋಡಿ!

ಇಂಟೆಲ್ ಪ್ರೊಸೆಸರಿನ ನಂಬರಿನ ಕೊನೆಯಲ್ಲಿ 'ಎಫ್' ಅಂತ ಇದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗ ಇಲ್ಲ. ನಮ್ಮ ಬೀದಿಯ ಒಬ್ಬ ಹುಡುಗ "ಗ್ರಾಫಿಕ್ಸ್ ಕಾರ್ಡು ಆಮೇಲೆ ಹಾಕಿಕೋ, ಇದು ಅಗ್ಗ" ಅನ್ನುವ ಅಂಗಡಿಯವನ ಮಾತು ಕೇಳಿ ಅಂಥದ್ದನ್ನೇ ತಂದ. ಎಲ್ಲವೂ ಕೂತಿತು, ಫ್ಯಾನೂ ತಿರುಗಿತು, ಪರದೆ ಮಾತ್ರ ಕಪ್ಪು. ಅಂಗಡಿಯವನು ಡಬ್ಬಿ ಒಡೆದ ಮಾಲು ವಾಪಸ್ಸಿಲ್ಲ ಅಂದ. ಅವರಪ್ಪನಿಗೆ ಮುಂದಿನ ಮೂರು ತಿಂಗಳು ಅದೇ ಗೋಳು. ದುಡ್ಡು ಕಡಿಮೆ ಇರುವವರು ಇದರ ತಿರುವುಮುರುವು ಮಾಡಬಹುದು. ಎಎಂಡಿಯ 5600ಜಿ, 8600ಜಿ ತರಹದ 'ಜಿ' ಪ್ರೊಸೆಸರಿನ ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇದೆ. ಹಗುರವಾದ ಆಟಗಳನ್ನು ಅದರಲ್ಲೇ ಶುರುಮಾಡಿ, ವರ್ಷ ಬಿಟ್ಟು ಕಾರ್ಡು ತಂದು ಸಿಕ್ಕಿಸಬಹುದು. ಬಡ್ಡಿಯಿಲ್ಲದ ಕಂತು ಅಂದರೆ ಇದೇ.

ರ‍್ಯಾಮನ್ನು ಒಂದೇ ಕಡ್ಡಿಯ ಬದಲು ಎರಡು ಕಡ್ಡಿಯಾಗಿ ಹಾಕಿದರೆ, ಅದರಲ್ಲೂ 'ಜಿ' ಪ್ರೊಸೆಸರಿಗೆ, ವೇಗ ಹೆಚ್ಚು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಿಗಿಯಿತು. ಹಾಗಾಗಿ ಹಳೆಯ ವಿಡಿಯೋ ನೋಡಿ ಬಜೆಟ್ ಹಾಕಬೇಡಿ. ಸ್ಲಾಟಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು 75 ವ್ಯಾಟು. ಅದಕ್ಕೆ ಮೇಲ್ಪಟ್ಟದ್ದು ಎಸ್‌ಎಂಪಿಎಸ್‌ನಿಂದ ಬೇರೆ ವೈರಿನಲ್ಲಿ ಬರಬೇಕು, 6 ಕಾಲಿನದಕ್ಕೆ ಇನ್ನೊಂದು 75, 8 ಕಾಲಿನದಕ್ಕೆ 150. ಪ್ರೊಸೆಸರಿಗೂ 8 ಕಾಲಿನ ಪ್ಲಗ್ಗು ಇದೆ, ಅದು ಬೇರೆ, ಒತ್ತಿ ತುರುಕಬೇಡಿ. ನಮ್ಮ ಈ ಕಡೆಯ ಕರೆಂಟು, ಮೇ ತಿಂಗಳ ಬಿಸಿಲು, ಧೂಳು ಗೊತ್ತೇ ಇದೆ. ಡಬ್ಬದ ಬಣ್ಣದ ಲೈಟಿಗೆ ಹಾಕುವ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ. ಕಾರ್ಡಿನ ಉದ್ದ ಡಬ್ಬದೊಳಗೆ ಹಿಡಿಯುತ್ತದೆಯೇ ಅಂತ ಮಿಲಿಮೀಟರಿನಲ್ಲಿ ನೋಡಿ.

ಆಫೀಸುಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಯಂತ್ರ ಅಗ್ಗ, ನಿಜ. ಆದರೆ ಅವುಗಳಲ್ಲಿ ಎಷ್ಟೋ ಕಡೆ ಎಸ್‌ಎಂಪಿಎಸ್, ಬೋರ್ಡು ಎರಡೂ ಆ ಕಂಪನಿಯದೇ ಅಳತೆ, ಪೇಟೆಯದು ಕೂರುವುದಿಲ್ಲ. ಮೇಲಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಎಲ್ಲ ಹಳೆಯ ಪ್ರೊಸೆಸರುಗಳನ್ನೂ ಒಪ್ಪುವುದಿಲ್ಲ. ಕೊನೆಯದಾಗಿ ಬ್ಯಾಂಕಿನವನ ಮಾತು: ಬಿಲ್ಲಿಲ್ಲದೆ ಕೊಂಡರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ ಅನ್ನುವವರನ್ನು ನಂಬಬೇಡಿ. ಸೀರಿಯಲ್ ನಂಬರ್ ಬರೆದ ಬಿಲ್ಲೇ ನಿಮ್ಮ ವಾರಂಟಿಗೆ ಆಧಾರ.

ಇದನ್ನೆಲ್ಲ ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ಕಾಲ ಮತ್ತೆ ಒಂದೇ ಬಂಡೆಯ ಕಡೆಗೆ ತಿರುಗುತ್ತಿದೆ. ಫೋನಿನ ಬ್ಯಾಟರಿ ಅಂಟಿಸಿಬಿಡುತ್ತಾರೆ, ಎಷ್ಟೋ ಲ್ಯಾಪ್‌ಟಾಪುಗಳ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಡುತ್ತಾರೆ. ಕಣ್ಣಿಗೆ ಚೆಂದ, ಕೈಗೆ ಹಗುರ. ಒಂದು ಮೂಲೆ ಕೆಟ್ಟರೆ ಮಾತ್ರ ಇಡೀ ಸಾಮಾನು ಗುಜರಿಗೆ. ಬಿಡಿಭಾಗ ಜೋಡಿಸಿದ ಯಂತ್ರದಲ್ಲಿ ಕೆಟ್ಟ ಸೂಚಿಯನ್ನು ಕಿತ್ತು ಹೊಸದು ಸಿಕ್ಕಿಸಬಹುದು. ಅದನ್ನು ತಾನೇ ಮಾಡಿದ ಹುಡುಗನಿಗೆ ಆಟದ ಜೊತೆಗೆ ಇನ್ನೊಂದು ಸಿಗುತ್ತದೆ, ಅಂಗಡಿಯವನ ಮುಂದೆ ತಲೆಯೆತ್ತಿ ಪ್ರಶ್ನೆ ಕೇಳುವ ಧೈರ್ಯ. ಅಪ್ಪನ ಐವತ್ತು ಸಾವಿರಕ್ಕೆ ಇದು ಕಡಿಮೆ ಬಡ್ಡಿಯೇನಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಪಟ್ಟಿ ಹಿಡಿದು ನಿಂತಿದ್ದರೆ ಬೈಯ್ಯಬೇಡಿ, ಜೊತೆಗೆ ಕೂತು ಒಂದೊಂದೇ ಸಾಲು ತಾಳೆ ನೋಡಿ, ದುಡ್ಡು ಕೊಡುವುದಕ್ಕೆ ಮುಂಚೆ. ಕೊಟ್ಟಮೇಲೆ ತಾಳೆ ನೋಡುವುದಕ್ಕೆ ನಮ್ಮಲ್ಲಿ ಆಡಿಟ್ ಅನ್ನುತ್ತಾರೆ. ಅದರಿಂದ ಹೋದ ದುಡ್ಡು ವಾಪಸ್ ಬಂದದ್ದನ್ನು ನಾನಂತೂ ಕಂಡಿಲ್ಲ!